ಅಮ್ಮನ ತೋಳಿನ ಸೆನ್ಸರ್

"ಕಣ್ಣು ಬಿಡು," ಎಂದಳು ಮಗಳು. "ನೋಡ್ತಾ ಇದ್ರೆ ನೋವು ಕಮ್ಮಿ ಅಂತ ನಂಗೆ ಹೇಳೋಳು ನೀನೇ ಅಲ್ವಾ?"

"ಬಿಟ್ಟೆ. ಒತ್ತು ಬೇಗ."

"ಬೇಗ ಅಂದ್ರೆ ಆಗಲ್ಲ. ಸ್ಪಿರಿಟ್ ಒಣಗ್ಬೇಕು."

ಒಣಗುವವರೆಗೆ ಅಮ್ಮ ಅಡುಗೆಮನೆಯ ಮೇಜಿನ ಅಂಚನ್ನು ಹಿಡಿದುಕೊಂಡು ಕೂತಿದ್ದಳು. ಆಮೇಲೆ ಟಕ್ ಎಂದಿತು. ನೋವೇನೂ ಅಷ್ಟಿರಲಿಲ್ಲ. ಆದರೆ ಸದ್ದು ಮೂಳೆಯೊಳಗೇ ಆದಂತಾಗಿ ಅವಳ ಭುಜ ತಾನಾಗಿಯೇ ಮೇಲೆದ್ದಿತು. ತೋಳಿನ ಹಿಂಭಾಗದಲ್ಲಿ ನಾಣ್ಯಕ್ಕಿಂತ ಕೊಂಚ ದೊಡ್ಡ ಬಿಳಿ ಬಿಲ್ಲೆಯೊಂದು ಅಂಟಿಕೊಂಡಿತು. ಮಗಳು ಅದರ ಅಂಚನ್ನು ಹೆಬ್ಬೆರಳಿನಿಂದ ಸುತ್ತಲೂ ಒತ್ತಿದಳು. ಹತ್ತು ವರ್ಷದ ಬೆರಳುಗಳು, ನುರಿತ ನರ್ಸಿನ ಹಾಗೆ.

ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದ ಮಾವ ನಕ್ಕರು. "ಅಂತೂ ನಮ್ಮ ವಕೀಲಮ್ಮ ಕೇಸು ಗೆದ್ದಳು."

ವಕೀಲಮ್ಮ ಎಂದರೆ ಮಗಳು. ಮಾತು ಕಲಿತ ದಿನದಿಂದಲೂ ವಾದ ಮಾಡುತ್ತಲೇ ಬೆಳೆದಿದ್ದಕ್ಕೆ ತಾತ ಇಟ್ಟ ಹೆಸರು.

ಎರಡು ವರ್ಷಗಳ ಹಿಂದೆ ಮಗಳ ದೇಹ ಇನ್ಸುಲಿನ್ ತಯಾರಿಸುವುದನ್ನು ನಿಲ್ಲಿಸಿತು. ಟೈಪ್ ಒನ್ ಡಯಾಬಿಟಿಸ್ ಎಂದರು ಡಾಕ್ಟರು. ಆವತ್ತಿನಿಂದ ಪ್ರತಿ ಊಟಕ್ಕೂ ಮುಂಚೆ ಒಂದು ಇಂಜೆಕ್ಷನ್. ಊಟಕ್ಕೆ ತಕ್ಕಷ್ಟು ಇನ್ಸುಲಿನ್ ಸಾಲದಿದ್ದರೆ ಸಕ್ಕರೆ ಏರುತ್ತದೆ, ಹೆಚ್ಚಾದರೆ ಇಳಿಯುತ್ತದೆ. ಏರಿದರೆ ಕೇಡು ನಿಧಾನವಾಗಿ ಬರುತ್ತದೆ, ಇಳಿದರೆ ಆಗಿಂದಾಗಲೇ. ಮೊದಮೊದಲು ಬೆರಳು ಚುಚ್ಚಿ ನೋಡುತ್ತಿದ್ದರು. ಒಮ್ಮೆ ಶಾಲೆಯ ಆಟದ ಬಯಲಿನಲ್ಲಿ ಮಗಳು ಪ್ರಜ್ಞೆ ತಪ್ಪಿ ಬಿದ್ದಳು. ಅದಾದ ಮೇಲೆ ಈ ಬಿಲ್ಲೆ ಬಂತು. ಚರ್ಮದ ಕೆಳಗೆ ಕೂದಲಿನಂಥ ಒಂದು ತಂತಿಯನ್ನು ಇಳಿಸಿ ಅದು ಐದೈದು ನಿಮಿಷಕ್ಕೊಮ್ಮೆ ಸಕ್ಕರೆ ಅಳೆದು, ಮಗಳು ಜೊತೆಗಿಟ್ಟುಕೊಳ್ಳುವ ಹಳೆಯ ಫೋನಿಗೆ ಕಳಿಸುತ್ತಿತ್ತು. ಅಲ್ಲಿಂದ ಅಮ್ಮನ ಫೋನಿಗೆ, ದೂರದ ಊರಿನಲ್ಲಿ ಸೇತುವೆ ಕೆಲಸದ ಮೇಲಿದ್ದ ಅಪ್ಪನ ಫೋನಿಗೆ. ಒಂದು ಅಂಕಿ, ಅದರ ಪಕ್ಕದಲ್ಲಿ ಒಂದು ಬಾಣ, ಕೆಳಗೆ ದಿನವಿಡೀ ಏರಿಳಿದದ್ದರ ಗೆರೆ.

ಆ ಅಂಕಿಯನ್ನು ಅವಳು ಬಸ್ಸಿನಲ್ಲಿ ನೋಡುತ್ತಿದ್ದಳು, ತರಕಾರಿ ಆರಿಸುತ್ತಾ ನೋಡುತ್ತಿದ್ದಳು, ಹಲ್ಲುಜ್ಜುತ್ತಾ ನೋಡುತ್ತಿದ್ದಳು. ಮಗಳು ಎದುರಿಗೇ ಕೂತು ಶಾಲೆಯ ಕತೆ ಹೇಳುತ್ತಿದ್ದರೂ ಒಂದು ಕಣ್ಣು ಫೋನಿನ ಮೇಲಿರುತ್ತಿತ್ತು. ತಾನು ನೋಡುತ್ತಿರುವುದರಿಂದಲೇ ಅಂಕಿ ಬೀಳದೆ ನಿಂತಿದೆ, ಕಣ್ಣು ತೆಗೆದರೆ ಬಿದ್ದುಬಿಡುತ್ತದೆ ಎಂಬ ನಂಬಿಕೆಯೊಂದು ಅವಳೊಳಗೆ ಬೇರು ಬಿಟ್ಟಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ನಗುತ್ತಾರೆ ಎಂದು ಗೊತ್ತಿತ್ತು.

ಎಡವಟ್ಟಾದದ್ದು ಮಗಳ ಗೆಳತಿಯ ಮನೆಯಲ್ಲಿ. ರಜೆಯ ಮೊದಲ ವಾರ ಮಕ್ಕಳೆಲ್ಲ ಅಲ್ಲಿ ಸೇರಿ ನಾಟಕ ಆಡುತ್ತಿದ್ದರು. ಇವಳು ಮನೆಯಲ್ಲಿ ಬಟ್ಟೆ ಮಡಚುತ್ತಿದ್ದಾಗ ಅಂಕಿ ಏರತೊಡಗಿತು. ನೂರ ಎಂಬತ್ತು, ಇನ್ನೂರ ಹತ್ತು, ಇನ್ನೂರ ನಲವತ್ತಾರು. ಬಾಣ ನೆಟ್ಟಗೆ ಮೇಲಕ್ಕೆ. ಗೆಳತಿಯ ತಾಯಿಗೆ ಫೋನು ಮಾಡಿ ಮಗಳನ್ನು ಕರೆಸಿದಳು.

"ಏನು ತಿಂದೆ?"

"ಏನೂ ಇಲ್ಲ."

"ನಿಜ ಹೇಳು ಮರಿ, ಬೈಯಲ್ಲ."

"ಏನೂ ತಿಂದಿಲ್ಲಮ್ಮಾ."

"ಹಾಗಾದ್ರೆ ಇದು ಸುಳ್ಳು ಹೇಳ್ತಿದ್ಯಾ?"

ಆ ಕಡೆ ಫೋನು ಸ್ಪೀಕರಿನಲ್ಲಿತ್ತು. ವೇಷ ಹಾಕಿಕೊಂಡು ನಿಂತಿದ್ದ ಮಕ್ಕಳೆಲ್ಲ ಕೇಳಿಸಿಕೊಂಡರು. ಯಾರೋ ಕಿಸಕ್ಕೆಂದರು. ಮಗಳು ನಿಜಕ್ಕೂ ಏನೂ ತಿಂದಿರಲಿಲ್ಲ. ನಾಟಕದಲ್ಲಿ ಅವಳದೇ ದೊಡ್ಡ ಪಾತ್ರ. ಮಾತು ಮರೆತುಹೋದೀತೆಂಬ ಭಯಕ್ಕೆ ಎದೆ ಹೊಡೆದುಕೊಂಡು ಸಕ್ಕರೆ ಏರಿತ್ತು. ಹಾಗೂ ಏರುತ್ತದೆ ಎಂಬುದು ಅಮ್ಮನಿಗೆ ಗೊತ್ತಿಲ್ಲದ ವಿಷಯವಲ್ಲ. ಗೊತ್ತಿದ್ದದ್ದು ಆ ಹೊತ್ತಿಗೆ ಒದಗಲಿಲ್ಲ.

ಮನೆಗೆ ಬಂದ ಮಗಳು ಚಪ್ಪಲಿಯನ್ನೂ ಬಿಡದೆ ನೇರ ಬಚ್ಚಲಿಗೆ ಹೋಗಿ ಬಿಲ್ಲೆಯನ್ನು ಕಿತ್ತು ತಂದು ಅಮ್ಮನ ಅಂಗೈಯಲ್ಲಿಟ್ಟಳು. "ನನ್ನ ಮಾತು ನೀನು ನಂಬಲ್ಲ, ಇದರ ಮಾತು ನಂಬ್ತೀಯ. ಇದನ್ನೇ ಇಟ್ಕೋ."

ಬೈಗುಳ, ಮುದ್ದು, ತಾತನ ರಾಯಭಾರ ಯಾವುದಕ್ಕೂ ಬಗ್ಗಲಿಲ್ಲ. ಬೆರಳು ಚುಚ್ಚಿಕೊಳ್ಳುತ್ತೇನೆ, ಕೇಳಿದಾಗ ಹೇಳುತ್ತೇನೆ, ಆದರೆ ಬಿಲ್ಲೆ ಮಾತ್ರ ಬೇಡ. ಆಸ್ಪತ್ರೆಯ ನರ್ಸಿಗೆ ಫೋನು ಮಾಡಿದರೆ ಅವಳು, "ಹೇಗೂ ರಜೆ, ಮನೇಲೇ ಇರ್ತಾಳೆ, ಸ್ವಲ್ಪ ದಿನ ಬೆರಳಲ್ಲೇ ನೋಡಿ. ಶಾಲೆ ಶುರುವಾಗೋ ಹೊತ್ತಿಗೆ ಮಾತ್ರ ಹೇಗಾದ್ರೂ ಒಪ್ಪಿಸಿ," ಎಂದಳು. ಹೇಗಾದರೂ ಎಂದರೆ ಹೇಗೆ ಎಂದು ಅವಳು ಹೇಳಲಿಲ್ಲ. ಬಿಲ್ಲೆಯಿಲ್ಲದೆ ಶಾಲೆ, ಆ ಆಟದ ಬಯಲು. ಅದನ್ನು ನೆನೆದಾಗಲೆಲ್ಲ ಅಮ್ಮ ಎದ್ದು ಏನಾದರೊಂದು ಕೆಲಸ ಹುಡುಕಿಕೊಳ್ಳುತ್ತಿದ್ದಳು.

ಕೊನೆಗೆ ದಾರಿ ತೋರಿಸಿದವಳು ಮಗಳೇ.

"ನೀನು ಹಾಕ್ಕೋ. ಹತ್ತು ದಿನ, ಅದು ಮುಗಿಯೋವರೆಗೆ ನಾನು ನಿನ್ನ ನೋಡ್ತೀನಿ. ನಾನು ಕೇಳಿದ್ದಕ್ಕೆಲ್ಲ ಉತ್ತರ ಹೇಳ್ಬೇಕು. ಆಮೇಲೆ ಯೋಚನೆ ಮಾಡ್ತೀನಿ."

"ಯೋಚನೆ ಏನು, ಹಾಕ್ಕೋತೀನಿ ಅನ್ನು."

"ಯೋಚನೆ ಮಾಡ್ತೀನಿ."

"ಒಪ್ಪೋ ಮುಂಚೆ ಸರಿಯಾಗಿ ಕೇಳಿಸ್ಕೋಮ್ಮ," ಎಂದಿದ್ದರು ಮಾವ. "ಇವಳು ದೊಡ್ಡ ಕೋರ್ಟಿನ ಪೈಕಿ."

ಹಾಗೆ ಫೋನುಗಳು ಅದಲುಬದಲಾದವು. ಬಿಲ್ಲೆಯಿಂದ ಅಂಕಿ ಹಿಡಿಯುವ ಹಳೆಯ ಫೋನು ಅವಳ ಚೀಲಕ್ಕೆ ಬಂತು. ಅಂಕಿಯನ್ನು ದೂರದಿಂದ ನೋಡುವ ಅವಳ ಫೋನು ಮಗಳ ಕೈ ಸೇರಿತು.

ಅವಳ ಕೆಲಸ ಓದುವುದು. ಕಣ್ಣು ಕಾಣದ ಮಕ್ಕಳಿಗಾಗಿ ಶಾಲೆಯ ಪುಸ್ತಕಗಳನ್ನು ಓದಿ ಧ್ವನಿಮುದ್ರಿಸುವ ಒಂದು ಸಣ್ಣ ಸ್ಟುಡಿಯೋ, ಮನೆಯಿಂದ ಬಸ್ಸಿನಲ್ಲಿ ಮೂರು ನಿಲ್ದಾಣ. ಒಳಗೊಂದು ಗೂಡು. ಗೋಡೆಗೆಲ್ಲ ಬೂದುಬಣ್ಣದ ಸ್ಪಂಜು, ಒಂದು ಮೈಕು, ಮೊಣಕೈ ಊರುವಷ್ಟೇ ಅಗಲದ ಮೇಜು, ಕಿರುಗುಟ್ಟದ ಕುರ್ಚಿ. ಗಾಜಿನ ಆಚೆ ಹೆಡ್‌ಫೋನು ಹಾಕಿಕೊಂಡು ಕೂರುವ ರೆಕಾರ್ಡಿಂಗಿನವನು. ಐವತ್ತು ದಾಟಿದ, ತನ್ನಷ್ಟಕ್ಕೆ ತಾನಿರುವ ಮನುಷ್ಯ. ಹೊಟ್ಟೆ ಗುರುಗುಟ್ಟಿದರೆ, ಹಾಳೆ ಸರಕ್ಕೆಂದರೆ, ಬೀದಿಯಲ್ಲಿ ಲಾರಿ ಕೆಮ್ಮಿದರೆ ಅವನು ಓದನ್ನು ನಿಲ್ಲಿಸುತ್ತಿದ್ದ. ಮಗಳು ಅವನಿಗೆ ಶ್ಶ್ ಮಾಮ ಎಂದು ಹೆಸರಿಟ್ಟಿದ್ದಳು. ಅದು ಅವನ ಕಿವಿಗೂ ಬಿದ್ದಿತ್ತು, ಬೇಸರವೇನೂ ಇರಲಿಲ್ಲ.

ಮೊದಲ ದಿನವೇ ಹಳೆಯ ಫೋನು ಓದಿನ ನಡುವೆ ಎರಡು ಸಲ ಗುರ್ರೆಂದಿತು. ಎರಡು ಸಲವೂ ಮಗಳೇ.

"ಅಮ್ಮಾ, ನೂರ ಮೂವತ್ತೆಂಟು. ಏನು ತಿಂದೆ?"

"ಬಿಸ್ಕತ್ತು."

"ಎಷ್ಟು?"

"ಎರಡು."

"ಎರಡಕ್ಕೆ ಇಷ್ಟು ಏರಲ್ಲ."

ಆರು ತಿಂದಿದ್ದಳು. ಯಾಕೆ ಎರಡು ಎಂದೆ ಎಂದು ಅವಳಿಗೇ ತಿಳಿಯಲಿಲ್ಲ. ಆರು ಎಂದಿದ್ದರೆ ಆಗುತ್ತಿದ್ದದ್ದೇನೂ ಇಲ್ಲ, ಅವಳಿಗೇನು ಕಾಯಿಲೆಯೇ? ಆದರೂ ಆ ಪ್ರಶ್ನೆ ಬಂದ ಕೂಡಲೇ ನಾಲಿಗೆ ತಾನೇ ಮುಂದೆ ಬಿದ್ದು ಸುಳ್ಳು ಹೇಳಿಬಿಟ್ಟಿತ್ತು. ಗೂಡಿಗೆ ಹಿಂತಿರುಗಿ ಪುಸ್ತಕ ತೆರೆದರೂ ಸಾಲುಗಳು ನಿಲ್ಲಲಿಲ್ಲ.

"ಇದನ್ನ ಮನೇಲಿ ಬಿಟ್ಟು ಬರೋಕಾಗಲ್ವಾ?" ಎಂದು ಕೇಳಿದ ರೆಕಾರ್ಡಿಂಗಿನವನು.

"ಇದು ನನ್ನ ಹತ್ತಿರವೇ ಇರ್ಬೇಕು. ದೂರ ಹೋದ್ರೆ ಅಂಕಿ ಸಿಗಲ್ಲ."

ಅವನು ಗೋಡೆಯಿಂದ ಉಳಿದಿದ್ದ ಸ್ಪಂಜಿನ ತುಂಡೊಂದನ್ನು ತಂದು, ಫೋನನ್ನು ಕೂಸಿನ ಹಾಗೆ ಸುತ್ತಿ ತನ್ನ ಮೇಜಿನ ಡ್ರಾಯರಿಗೆ ಹಾಕಿದ. "ಈಗ ಅಂಕಿ ಹೋಗತ್ತೆ, ಸದ್ದು ಬರಲ್ಲ. ಸರೀನಾ?"

ಸರಿ ಎಂದಳು.

ಆದರೆ ಅವಳಿಗೆ ಕೂರಲಾಗುತ್ತಿರಲಿಲ್ಲ. ಪುಟ ಮುಗಿದಾಗಲೆಲ್ಲ ಎದ್ದು ಬಂದು ಡ್ರಾಯರು ಎಳೆದು ನೋಡುತ್ತಿದ್ದಳು. ನೋಡಬೇಕೆಂದಿದ್ದದ್ದು ಮಗಳ ಅಂಕಿ. ಅಲ್ಲಿರುತ್ತಿದ್ದದ್ದು ತನ್ನದು. ತೊಂಬತ್ತೆಂಟು, ಬಾಣ ಅಡ್ಡ. ತೊಂಬತ್ತೇಳು, ಬಾಣ ಅಡ್ಡ. ತನಗೆ ಬೇಡವಾದ ಈ ನೆಮ್ಮದಿಯ ಗೆರೆಯನ್ನು ನೋಡನೋಡುತ್ತಾ ಅವಳಿಗೆ ಸಿಟ್ಟು ಬರುತ್ತಿತ್ತು. ಮಗಳದನ್ನು ತಿಳಿಯಲು ಮನೆಗೆ ಫೋನು ಮಾಡಿ, ಅವಳು ಬೆರಳು ಚುಚ್ಚಿಕೊಂಡಿದ್ದರೆ ಕೇಳಬೇಕು. ಮಗಳು ಹೇಳುತ್ತಿದ್ದಳು, ಆದರೆ ಒಂದು ಅಂಕಿ ಮಾತ್ರ. ಬಾಣವಿಲ್ಲದ ಅಂಕಿ. ಏರುತ್ತಿದೆಯೋ ಇಳಿಯುತ್ತಿದೆಯೋ ದೇವರೇ ಬಲ್ಲ.

ಮಧ್ಯೆ ಒಂದು ಸಂಜೆ ಮನೆಗೆ ಬಂದಾಗ ಮಗಳು ಸೋಫಾದ ಮೇಲೆ ಮೊಣಕಾಲು ಮಡಚಿಕೊಂಡು, ಮುಖ ಊದಿಸಿಕೊಂಡು ಕೂತಿದ್ದಳು. ಅಮ್ಮನ ಫೋನನ್ನು ಮುಂದೆ ಚಾಚಿದಳು. ಅಪ್ಪನ ಸಂದೇಶ. "ಎರಡು ದಿನದಿಂದ ಗೆರೆ ನೋಡ್ತಿದೀನಿ, ಎಷ್ಟು ಚೆನ್ನಾಗಿದೆ! ನನ್ನ ಮಗಳು ಬಂಗಾರ." ಅಪ್ಪನಿಗೆ ಒಪ್ಪಂದದ ವಿಷಯ ಯಾರೂ ಹೇಳಿರಲಿಲ್ಲ.

"ನಿನ್ನ ಗೆರೆ ನೋಡಿ ನನ್ನ ಹೊಗಳಿದಾನೆ."

"ಅವನಿಗೆ ಗೊತ್ತಿಲ್ವಲ್ಲ ಮರಿ."

"ನನ್ನ ಗೆರೆ ನೋಡಿ ಯಾವತ್ತೂ ಬಂಗಾರ ಅಂದಿಲ್ಲ."

ಮಾವ ಅಡುಗೆಮನೆಯಿಂದಲೇ, "ಬಂಗಾರದ ಗೆರೆ ಏರಿಳಿಯೋದು ದಿನಾ ಪೇಪರಲ್ಲಿ ಬರತ್ತೆ ಕಣೇ, ಅದೇನು ಕಮ್ಮಿ ಬೆಲೆಯಾ?" ಎಂದರು. ಮಗಳು ನಗಬಾರದೆಂದಿದ್ದರೂ ಮೂಗಿನಲ್ಲಿ ನಕ್ಕಳು. ಅವಳು ಮಾತ್ರ ಕೈಚೀಲವನ್ನು ಎಲ್ಲಿಡುವುದೆಂದು ತೋಚದೆ ಇನ್ನೂ ನಿಂತೇ ಇದ್ದಳು.

ಆಮೇಲಿನ ದಿನಗಳಲ್ಲಿ ಬಿಲ್ಲೆ ಕಡಿಯತೊಡಗಿತು. ಅಂಗಿ ಹಾಕುವಾಗ ಸಿಕ್ಕಿಕೊಳ್ಳುತ್ತಿತ್ತು, ಬಾಗಿಲ ಚೌಕಟ್ಟಿಗೆ ತಾಗುತ್ತಿತ್ತು. ಬಸ್ಸಿನಲ್ಲಿ ಪಕ್ಕದ ಹೆಂಗಸೊಬ್ಬಳು ಅದನ್ನೇ ನೋಡಿ, "ಏನಾಗಿದೆ ನಿಮಗೆ?" ಎಂದು ಕೇಳಿದಳು. ಏನೂ ಆಗಿಲ್ಲ ಎಂದಳು. ಆ ಹೆಂಗಸು ಪಾಪ ಎನ್ನುವಂತೆ ತಲೆಯಾಡಿಸಿದಳು.

ಒಂದು ದಿನ ಭೂಗೋಳದ ಪುಸ್ತಕ, ಗಾಳಿಯ ಅಧ್ಯಾಯ. ಬೆಳಿಗ್ಗೆಯಿಂದ ಬೀದಿಯಲ್ಲಿ ಯಾರೋ ಡ್ರಿಲ್ಲು ಹಿಡಿದು ಕೊರೆಯುತ್ತಿದ್ದರು. ಅದು ನಿಂತದ್ದು ಊಟದ ಹೊತ್ತಿಗೆ. "ಈಗಲೇ ಮುಗಿಸಿಬಿಡೋಣ, ಊಟ ಆಮೇಲೆ," ಎಂದ ರೆಕಾರ್ಡಿಂಗಿನವನು. ಮೇಜಿನ ಫೋನಿನ ವೈರನ್ನೂ ಕಿತ್ತಿಟ್ಟ. ಹಿಂದಿನ ರಾತ್ರಿ ಅವಳಿಗೆ ನಿದ್ದೆ ಸರಿಯಾಗಿರಲಿಲ್ಲ. ಕುರ್ಚಿಯನ್ನು ಗೋಡೆಗೆ ಎಳೆದುಕೊಂಡು, ಮೆತ್ತನೆಯ ಸ್ಪಂಜಿಗೆ ತೋಳು ಕೊಟ್ಟು ಒರಗಿ ಓದತೊಡಗಿದಳು. ಬಿಸಿಯಾದ ಗಾಳಿ ಮೇಲೇರುತ್ತದೆ. ಅದು ತೆರವು ಮಾಡಿದ ಜಾಗಕ್ಕೆ ತಣ್ಣನೆಯ ಗಾಳಿ ನುಗ್ಗುತ್ತದೆ. ಓದು ಬಹಳ ದಿನಗಳ ಮೇಲೆ ಸರಾಗವಾಗಿ ಹರಿಯಿತು. ಗಾಜಿನ ಆಚೆ ಅವನು ಹೆಬ್ಬೆರಳು ಎತ್ತಿ ತೋರಿಸಿದ. ಅವಳು ಅಲ್ಲಾಡದೆ ಓದುತ್ತಲೇ ಹೋದಳು.

ಗೂಡಿನ ಬಾಗಿಲು ದಡಾರನೆ ತೆರೆಯಿತು. ಕೆಂಪು ದೀಪ ಉರಿಯುತ್ತಿರುವಾಗ ಆ ಬಾಗಿಲನ್ನು ಯಾರೂ ಮುಟ್ಟಿದ್ದಿಲ್ಲ.

ಮಗಳು. ಕೂದಲು ಹಣೆಗೆ ಅಂಟಿಕೊಂಡಿತ್ತು. ಒಂದು ಕೈಯಲ್ಲಿ ಜ್ಯೂಸಿನ ಪೊಟ್ಟಣ, ಇನ್ನೊಂದರಲ್ಲಿ ಬೆರಳು ಚುಚ್ಚುವ ಮೀಟರಿನ ಚೀಲ.

"ಬಾಯಿ ತೆಗಿ."

"ಏನಾಯ್ತೇ—"

"ಐವತ್ತೊಂದು! ಮೊದಲು ಕುಡಿ, ಆಮೇಲೆ ಮಾತು!"

ಸ್ಟ್ರಾ ಅವಳ ತುಟಿಯನ್ನು ಹುಡುಕುತ್ತಾ ಮೂಗಿಗೆ ಚುಚ್ಚಿತು. ಅವಳು ಕುಡಿದಳು. ಮಗಳ ಕಣ್ಣು ನೋಡಿದ ಮೇಲೆ ಕುಡಿಯದಿರಲಾಗಲಿಲ್ಲ. ಪೊಟ್ಟಣ ಸಪ್ಪಳ ಮಾಡುತ್ತಾ ಒಳಕ್ಕೆ ಕುಸಿಯುವವರೆಗೂ ಮಗಳು ಅದನ್ನು ಹಿಡಿದೇ ಇದ್ದಳು.

ರೆಕಾರ್ಡಿಂಗಿನವನು ಹೆಡ್‌ಫೋನು ಕುತ್ತಿಗೆಗೆ ಇಳಿಸಿಕೊಂಡು ಬಾಗಿಲಲ್ಲಿ ನಿಂತ. "ಚೆನ್ನಾಗೇ ಓದ್ತಿದ್ರಲ್ಲಮ್ಮ ಇವರು."

ಮಗಳು ಅಮ್ಮನ ಬೆರಳು ಹಿಂಡಿ ರಕ್ತದ ಹನಿಯನ್ನು ಪಟ್ಟಿಗೆ ತಾಗಿಸಿದಳು. ಮೀಟರು ತೊಂಬತ್ತನಾಲ್ಕು ತೋರಿಸಿತು.

ಮೂವರೂ ಅದನ್ನು ನೋಡಿದರು. ಆಮೇಲೆ ಅವಳು ತೋಳನ್ನು ತಿರುಗಿಸಿ ನೋಡಿಕೊಂಡಳು. ಬಿಲ್ಲೆಯ ಸುತ್ತ ಚರ್ಮ ಕೆಂಪಗೆ ತಗ್ಗುಬಿದ್ದಿತ್ತು, ಸ್ಪಂಜಿನ ಗೆರೆಗಳು ಅಚ್ಚೊತ್ತಿದ್ದವು. ನಿದ್ದೆಯಲ್ಲಿ ಮಗ್ಗುಲಾಗಿ ಮಲಗಿ ತೋಳು ಅಡಿಗೆ ಸಿಕ್ಕರೆ ಬಿಲ್ಲೆ ಹೀಗೆ ಸುಳ್ಳು ಇಳಿತ ತೋರಿಸುತ್ತದೆ. ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯವೇ. ಎಚ್ಚರವಾಗಿರುವ ಮನುಷ್ಯರೂ ಗೋಡೆಗೆ ಒತ್ತಿಕೊಂಡು ಕೂರುತ್ತಾರೆಂದು ಯಾರಿಗೂ ಹೊಳೆದಿರಲಿಲ್ಲ.

"ಒರಗಿ ಕೂತಿದ್ದೆ. ಅದಕ್ಕೇ."

"ಫೋನ್ ಯಾಕೆ ಎತ್ತಲಿಲ್ಲ?" ಮಗಳ ದನಿ ಒಡೆಯಿತು. "ಎಷ್ಟು ಸಲ ಮಾಡಿದೆ! ಇಲ್ಲಿಯ ಫೋನಿಗೂ ಮಾಡಿದೆ! ಇರೋದು ಯಾಕೆ ಫೋನು? ನೀನು ಬಿದ್ದಿದೀಯ ಅಂತ... ಯಾರೂ ನೋಡಿಲ್ಲ ಅಂತ..."

ಅತ್ತಳು. ಅವಳು ಮಗಳನ್ನು ಎಳೆದು ಎದೆಗೊತ್ತಿಕೊಂಡಳು. ಆಗಲೇ, ಮಗಳ ಒದ್ದೆ ತಲೆಯ ಮೇಲೆ ಗಲ್ಲವಿಟ್ಟುಕೊಂಡಿರುವಾಗಲೇ, ಸಣ್ಣದೊಂದು ಗೆಲುವು ಅವಳೊಳಗೆ ತಲೆಯೆತ್ತಿತು. ಈಗ ಗೊತ್ತಾಯಿತಲ್ಲ. ಈಗ 'ಯೋಚನೆ ಮಾಡ್ತೀನಿ' ಎನ್ನಲಾರಳು.

"ನೋಡಿದ್ಯಾ," ಎಂದು ಶುರುಮಾಡಿದಳು. "ನಂಗೂ ಹೀಗೇ ಆಗತ್ತೆ. ನೀನು ಕಣ್ಣೆದುರು ಇಲ್ಲದಾಗ, ಅಂಕಿ ಒಂದೇ ಇರೋದು ನನ್ನ ಹತ್ತಿರ. ಅದು ಏನಂದ್ರೂ ನಂಬ್ಲೇಬೇಕಾಗತ್ತೆ. ನಿನ್ನ ನಂಬಲ್ಲ ಅಂತಲ್ಲ. ಅವತ್ತು ಆ ಮನೆಗೆ ಫೋನ್ ಮಾಡಿದ್ದೂ ಇದಕ್ಕೇ. ನೀನು ಇವತ್ತು ಓಡಿ ಬಂದೆಯಲ್ಲ, ಅದೇ ಥರ. ತಿಳೀತಾ?"

ಮಗಳು ಸುಮ್ಮನೆ ಕೇಳುತ್ತಿದ್ದಳು. ಎದುರು ವಾದಿಸಲಿಲ್ಲ. ಅಮ್ಮ ಸಮಾಧಾನಗೊಂಡು ಇನ್ನಷ್ಟು ಹೇಳಿದಳು. ಶಾಲೆ, ಆಟದ ಬಯಲು, ನರ್ಸು ಹೇಳಿದ್ದು, ಅಪ್ಪನ ಚಿಂತೆ. "ಅರ್ಥ ಆಯ್ತು ತಾನೇ?"

"ಹೂಂ," ಎಂದಳು ಮಗಳು.

ಆ ಹೂಂ ತಡವಾಗಿ ಬಂದಿತ್ತು.

ವಾಕ್ಯ ಮುಗಿದ ಮೇಲೆ ಎಷ್ಟು ಹೊತ್ತು ನಿಲ್ಲಬೇಕು, ಎಷ್ಟು ನಿಂತರೆ ಹೆಚ್ಚಾಯಿತು ಎಂಬುದೇ ಅವಳ ದಿನದ ದುಡಿಮೆ. ಈ ನಿಲುಗಡೆ ಒಪ್ಪಿಗೆಯದಾಗಿರಲಿಲ್ಲ, ಮುನಿಸಿನದೂ ಅಲ್ಲ. ಪ್ರಶ್ನೆ ಎಲ್ಲೋ ದೂರ ಹೋಗಿ ತಲುಪಿ, ಉತ್ತರ ಅಲ್ಲಿಂದ ನಡೆದು ಬಂದ ಹಾಗಿತ್ತು. ಬಿಲ್ಲೆ ಬರುವುದಕ್ಕೂ ಮುಂಚೆ, ಸಕ್ಕರೆ ಇಳಿದಾಗಿನ ಈ ನಿಲುಗಡೆಯನ್ನು ಅವಳು ಅಡುಗೆಮನೆಯಿಂದಲೇ ಗುರುತಿಸುತ್ತಿದ್ದಳು. ನಡುಮನೆಯಲ್ಲಿ ತಾತನೊಡನೆ ವಾದ ಮಾಡುತ್ತಿದ್ದ ಮಗಳು ವಾದ ಬಿಟ್ಟುಕೊಟ್ಟರೆ ಸಾಕು, ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಓಡುತ್ತಿದ್ದಳು.

"ಹೇಗೆ ಬಂದೆ ಇಲ್ಲಿಗೆ?"

"ಸೈಕಲ್."

"ಊಟ ಆಗಿತ್ತಾ?"

ಮಗಳು ಅಮ್ಮನ ಅಂಗಿಯ ಗುಂಡಿಯನ್ನು ನೋಡುತ್ತಿದ್ದಳು. "ಇಂಜೆಕ್ಷನ್... ಆಗಿತ್ತು."

"ಊಟ?"

"ಫೋನು ಕೂಗ್ತು."

ಅಮ್ಮನ ಕೈ ಅಭ್ಯಾಸಬಲದಿಂದ ಫೋನಿಗಾಗಿ ಜೇಬಿಗೆ ಹೋಯಿತು. ಜೇಬಿನಲ್ಲಿ ಏನೂ ಇರಲಿಲ್ಲ. ಮಗಳ ಕೈ ತಣ್ಣಗಿತ್ತು, ಬೆವರಿತ್ತು. ಚುಚ್ಚಿದರೂ ಕೈ ಎಳೆದುಕೊಳ್ಳಲಿಲ್ಲ. ನಲವತ್ತೊಂಬತ್ತು. ಊಟ ಮಾಡುತ್ತೇನೆಂದು ಇಂಜೆಕ್ಷನ್ ತೆಗೆದುಕೊಂಡು, ಊಟ ಬಿಟ್ಟು, ಉರಿಬಿಸಿಲಿನಲ್ಲಿ ಸೈಕಲು ತುಳಿದು ಬಂದಿದ್ದಾಳೆ. ತಂದ ಜ್ಯೂಸನ್ನು ತನಗೆ ಕುಡಿಸಿದ್ದಾಳೆ. ಖಾಲಿ ಪೊಟ್ಟಣ ಮೇಜಿನ ಮೇಲೆ, ಗಾಳಿಯ ಅಧ್ಯಾಯದ ಮೇಲೆ ಬಿದ್ದಿತ್ತು.

"ಸಕ್ಕರೆ! ಸಕ್ಕರೆ ಇದ್ಯಾ?"

"ನಾನು ಸಕ್ಕರೆ ಹಾಕಲ್ಲ ಟೀಗೆ..." ರೆಕಾರ್ಡಿಂಗಿನವನು ಸುತ್ತಮುತ್ತ ನೋಡಿದ. ಆಮೇಲೆ ಅವನು ಓಡಿದ. ಆ ಮನುಷ್ಯ ಓಡಿದ್ದನ್ನು ಅವಳು ನೋಡಿದ್ದು ಅದೇ ಮೊದಲು. ಓದುವವರ ಗಂಟಲಿಗೆಂದು ಇಟ್ಟಿದ್ದ ಜೇನಿನ ಬಾಟಲಿಯೊಡನೆ ಹಿಂದಿರುಗಿದ. ಚಮಚ ತರಲು ಮರೆತಿದ್ದ. ಅವಳು ಬೆರಳಲ್ಲೇ ತೆಗೆದು ಮಗಳ ಬಾಯಿಗಿಟ್ಟಳು. ಒಂದು ಸಲ, ಮತ್ತೊಂದು ಸಲ. ಜೇನು ಗಲ್ಲದಿಂದ ಇಳಿದು ಕತ್ತಿಗೆ ಹರಿಯಿತು. "ನುಂಗು. ಇನ್ನೊಂಚೂರು. ನುಂಗು ನನ್ನವ್ವ."

ಮಗಳು ನುಂಗಿದಳು.

ಇನ್ನು ಹದಿನೈದು ನಿಮಿಷ ಕಾಯಬೇಕು, ಆಮೇಲೆ ಮತ್ತೆ ನೋಡಬೇಕು. ಇಬ್ಬರೂ ಗೂಡಿನ ನೆಲದ ಮೇಲೆ, ಮೇಜಿನ ಕಾಲಿಗೆ ಒರಗಿ ಕೂತರು. ರೆಕಾರ್ಡಿಂಗಿನವನು ಬಾಗಿಲನ್ನು ಅರ್ಧ ಮುಂದೆ ಮಾಡಿ ಹೊರಗೆ ನಿಂತ. ನೋಡಲು ಅಂಕಿ ಇಲ್ಲ, ಬಾಣ ಇಲ್ಲ. ಅವಳು ಮಗಳ ಮುಖವನ್ನೇ ನೋಡಿದಳು. ಇಷ್ಟು ಹೊತ್ತು ಒಂದೇ ಸಮನೆ ಈ ಮುಖ ನೋಡಿ ಎಷ್ಟು ಕಾಲವಾಯಿತೋ. ತುಟಿಯ ಸುತ್ತ ಬಿಳಿಚಿಕೊಂಡಿತ್ತು. ಎಡಹುಬ್ಬಿನ ಮೇಲೆ ಒಂದು ಗೀರು ಇತ್ತು, ಹಳೆಯದು, ಅದು ಯಾವಾಗ ಆದದ್ದೆಂದು ನೆನಪಾಗಲಿಲ್ಲ. ಬೆವರು ಆರಿತು. ರೆಪ್ಪೆಗಳು ಸ್ವಲ್ಪ ಚುರುಕಾಗಿ ಬಡಿದವು.

"ನಿನ್ನ ತೋಳು ಸುಳ್ಳು ಹೇಳ್ತು," ಎಂದಳು ಮಗಳು.

"ಹೂಂ."

"ತಾತ ಹೇಳಿದ್ರು. ಅಮ್ಮನಿಗೇನು ಕಾಯಿಲೆಯೇ, ಊಟ ಮಾಡು ಮೊದಲು ಅಂತ. ನಾನು ತಾತನ ಮಾತೂ ಕೇಳಲಿಲ್ಲ." ಅಮ್ಮನ ಕಡೆ ತಿರುಗಿ, "ದಿನಾ ಹೀಗಾಗತ್ತಾ ನಿಂಗೆ? ಹೊಟ್ಟೇಲಿ ತಣ್ಣಗೆ?"

"ದಿನಾ ಅಂತಲ್ಲ."

"ನಿಜ ಹೇಳು."

"ದಿನಾ."

ಮಗಳು ಯೋಚಿಸಿದಳು. "ಆದ್ರೂ ನೀನು ಅವತ್ತು ಎಲ್ಲರ ಮುಂದೆ ಕೇಳಬಾರದಾಗಿತ್ತು. ನಾನು ಹೆದರಿದೆ, ಓಡಿ ಬಂದೆ, ಜ್ಯೂಸ್ ಕೊಟ್ಟೆ. ನಿನ್ನ ಸುಳ್ಳಿ ಅನ್ನಲಿಲ್ಲ. ಎರಡೂ ಒಂದೇ ಅಲ್ಲ."

ವಕೀಲಮ್ಮ ಹಿಂತಿರುಗಿದ್ದಳು. ಅಮ್ಮನಿಗೆ ಅಳು ಬಂತು. ತಾನು ಆಗ ಮಾಡಿದ ಉದ್ದದ ಭಾಷಣವೆಲ್ಲ ಈ ಒಂದು ಮಾತಿನ ಮುಂದೆ ನಿಲ್ಲಲಿಲ್ಲ.

"ಅಲ್ಲ," ಎಂದಳು. "ಎರಡೂ ಒಂದೇ ಅಲ್ಲ. ತಪ್ಪು ನಂದು."

"ಈಗ ಎಷ್ಟಿದೆ ಹೇಳು ನೋಡೋಣ, ಚುಚ್ಚದೆ."

"ಎಂಬತ್ತು."

"ಎಪ್ಪತ್ತು," ಎಂದಳು ಮಗಳು. ಚುಚ್ಚಿದರೆ ಎಂಬತ್ತಾರು ಬಂತು. "ಮುಖ ನೋಡಿ ಹೇಳಿದ್ಯಾ?"

"ಜಗಳ ಕೇಳಿ ಹೇಳಿದೆ."

ಮಗಳು ಗಲ್ಲದ ಮೇಲಿನ ಜೇನನ್ನು ಬೆರಳಿಂದ ಒರೆಸಿ ನೆಕ್ಕಿದಳು. "ಹಾಕ್ಕೋತೀನಿ. ಆದ್ರೆ ನಿನ್ನ ಫೋನಿಗೆ ಅಂಕಿ ಬರಲ್ಲ. ಎಪ್ಪತ್ತಕ್ಕಿಂತ ಕೆಳಗೆ ಹೋದ್ರೆ ಕೂಗತ್ತೆ, ಅಷ್ಟೇ. ಉಳಿದದ್ದು ನಂದು."

"ಏರಿದ್ರೆ?"

"ಮುನ್ನೂರು ದಾಟಿದ್ರೆ ನಾನೇ ಹೇಳ್ತೀನಿ."

"ಇನ್ನೂರೈವತ್ತು."

"ಇನ್ನೂರೆಂಬತ್ತು."

"ಇನ್ನೂರೈವತ್ತು, ಆದ್ರೆ ಎರಡು ಗಂಟೆ ಅಲ್ಲೇ ನಿಂತಿದ್ರೆ ಮಾತ್ರ."

ಮಗಳು ಲೆಕ್ಕ ಹಾಕಿದಳು. "ಆಯ್ತು. ಅಪ್ಪನಿಗೂ ಇದೇ. ಆ ಬಂಗಾರ ನಾನಲ್ಲ ಅಂತಾನೂ ಹೇಳ್ಬೇಕು. ಮತ್ತೆ, ಏನು ತಿಂದೆ ಅಂತ ಕೇಳಬಾರದು."

"ಮತ್ತೇನು ಕೇಳಲಿ?"

"ಹೇಗಿದೀಯ ಅಂತ ಕೇಳು. ಎಲ್ಲರೂ ಕೇಳಲ್ವಾ ಹಾಗೆ?"

ಹೂಂ ಎನ್ನಬೇಕಿತ್ತು. ಒಂದು ಇಡೀ ದಿನ, ಅಂಕಿಯಿಲ್ಲದ ದಿನ, ಅದರ ಹಿಂದೆ ಇನ್ನೊಂದು, ಹೀಗೆ ಕಣ್ಣ ಮುಂದೆ ಸಾಲುಗಟ್ಟಿದವು. ಮಗಳು ಅವಳನ್ನೇ ನೋಡುತ್ತಾ ಕಾಯುತ್ತಿದ್ದಳು.

"ಹೂಂ," ಎಂದಳು.

ಹೊರಗೆ ಏದುಸಿರು ಕೇಳಿಸಿತು. ಮಾವ. ಒಂದು ಕಾಲಲ್ಲಿ ತಮ್ಮ ಚಪ್ಪಲಿ, ಇನ್ನೊಂದರಲ್ಲಿ ಸೊಸೆಯದು. ಕೈಯಲ್ಲಿ ಊಟದ ಡಬ್ಬಿ.

"ಇಬ್ಬರೂ ಬದುಕಿದೀರಾ? ಇಂಜೆಕ್ಷನ್ ತಗೊಂಡು ತಟ್ಟೆ ಬಿಟ್ಟು ಓಡಿದಳಲ್ಲಮ್ಮ ಇವಳು! ತಟ್ಟೇಲಿದ್ದದ್ದನ್ನೇ ಡಬ್ಬಿಗೆ ಸುರ್ಕೊಂಡು ಬಂದೆ. ಬಸ್ಸು ಸಿಗಲಿಲ್ಲ, ನನ್ನ ಕಾಲಿಗೆ ಹಾರೋಕೆ ಬರಲ್ಲ." ರೆಕಾರ್ಡಿಂಗಿನವನು ತುಟಿಯ ಮೇಲೆ ಬೆರಳಿಡುವ ಅಭ್ಯಾಸದಿಂದ ಕೈ ಎತ್ತಿದವನು, ಎತ್ತಿದ ಕೈಯಿಂದಲೇ ಅವರಿಗೊಂದು ಕುರ್ಚಿ ಎಳೆದುಕೊಟ್ಟ. ಮಗಳು ನೆಲದ ಮೇಲೆಯೇ ಡಬ್ಬಿ ತೆರೆದು ತಿನ್ನತೊಡಗಿದಳು.

ಶಾಲೆ ಶುರುವಾಗುವ ಹಿಂದಿನ ದಿನ ಮಗಳು ತೋಳು ಕೊಟ್ಟಳು. ಬಿಲ್ಲೆ ಹಾಕಿಸಿಕೊಂಡು, ಅಮ್ಮನ ಫೋನನ್ನು ಇಸಿದುಕೊಂಡು ಏನೇನೋ ಒತ್ತಿ ಹಿಂತಿರುಗಿಸಿದಳು. ಅಂಕಿಯಿದ್ದ ಜಾಗ ಖಾಲಿಯಾಗಿತ್ತು.

ಮರುದಿನ ಬಸ್ಸಿನಲ್ಲಿ ಅವಳು ಆ ಖಾಲಿಯನ್ನು ತೆರೆದು ನೋಡಿದಳು, ಮುಚ್ಚಿದಳು. ಇಳಿಯುವ ನಿಲ್ದಾಣ ಬಿಟ್ಟು ಮುಂದಿನದರಲ್ಲಿ ಇಳಿದು ಹಿಂದಕ್ಕೆ ನಡೆದಳು. ಬೆಳಗಿನ ಓದಿನಲ್ಲಿ ಒಂದೇ ಸಾಲನ್ನು ಮತ್ತೆ ಮತ್ತೆ ತಪ್ಪಿದಳು. ಊಟದ ಬಿಡುವಿನಲ್ಲಿ ಕಾರಿಡಾರಿಗೆ ಬಂದು, ಮಾಡಬಾರದು ಮಾಡಬಾರದು ಎಂದುಕೊಳ್ಳುತ್ತಲೇ ಮಗಳಿಗೆ ಫೋನು ಮಾಡಿದಳು.

"ಏನಮ್ಮಾ?" ಹಿಂದೆ ಮಕ್ಕಳ ಗದ್ದಲ, ಬೆಂಚು ಎಳೆಯುವ ಸದ್ದು.

"ಏನಿಲ್ಲ." ನಾಲಿಗೆಯ ತುದಿಗೆ ಬಂದಿದ್ದನ್ನು ನುಂಗಿಕೊಂಡಳು. "ಹೇಗಿದೀಯ?"

ಆ ಕಡೆ ಮಾತು ನಿಂತಿತು. ಗದ್ದಲ ಹಾಗೇ ಇತ್ತು, ಮಗಳ ದನಿ ಮಾತ್ರ ಇಲ್ಲ. ಅವಳು ಗೋಡೆ ಹಿಡಿದುಕೊಂಡಳು. ಇದು ಯಾವ ನಿಲುಗಡೆ?

"ಬಾಯಲ್ಲಿ ತುತ್ತಿತ್ತಮ್ಮಾ, ತಡಿ," ಎಂದಳು ಮಗಳು. "ಚೆನ್ನಾಗಿದೀನಿ. ಇಡ್ಲಾ?"

"ಇಡು."

ಫೋನು ಕಟ್ಟಾದ ಮೇಲೂ ಅವಳು ಕಾರಿಡಾರಿನ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದಳು. ಚೆನ್ನಾಗಿದೀನಿ, ಎಂದು ಮಗಳು ಹೇಳಿದ ಹಾಗೇ ಮೆಲ್ಲಗೆ ಹೇಳಿಕೊಂಡಳು. ಒಂದು ಸಲ ವೇಗವಾಗಿ, ಒಂದು ಸಲ ನಿಧಾನವಾಗಿ. ಯಾವ ಅಕ್ಷರ ಎಳೆದಿದ್ದಳು, ಯಾವುದನ್ನು ನುಂಗಿದ್ದಳು ಎಂದು ಹುಡುಕುತ್ತಾ ಮತ್ತೊಂದು ಸಲ.